ಕೆರೆಯ ನೀರು ಯಾವ ಬ್ಲಾಕಿಗೆ?

ಮಾರ್ಚ್ ಬಂದರೂ ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆಯ ಸುಳಿವಿಲ್ಲದ ಆ ವರ್ಷ, ಕೊಡಗಿನ ಗೋಣಿಕೊಪ್ಪಲಿನ ಬಳಿಯ ನಮ್ಮ ರೊಬಸ್ಟಾ ಕಾಫಿ ತೋಟದ ಕೆರೆಯಲ್ಲಿ ಉಳಿದ ನೀರು ಅರ್ಧ ತೋಟಕ್ಕೂ ಸಾಲುವಂತಿರಲಿಲ್ಲ. ಅದೇ ವಾರ ಕಾಲೇಜಿಗೆ ಆಂತರಿಕ ಅಂಕಗಳನ್ನು ಒಪ್ಪಿಸಬೇಕಿತ್ತು, ವಿಚಾರ ಸಂಕಿರಣದ ಪ್ರಬಂಧ ಬಾಕಿಯಿತ್ತು, ಒಂದು ಸ್ಮರಣ ಸಂಚಿಕೆಯ ಸಂಪಾದನೆಯನ್ನೂ ಊರಿನ ಹಾಕಿ ಪಂದ್ಯಾವಳಿಯ ಲೆಕ್ಕಪತ್ರವನ್ನೂ ಒಪ್ಪಿಕೊಂಡಿದ್ದೆ. ಇತ್ತ ಕಣದಲ್ಲಿ ಕಾಫಿ ಒಣಗುತ್ತಿತ್ತು, ಬಳ್ಳಿಯಲ್ಲಿ ಮೆಣಸು ಹಣ್ಣಾಗುತ್ತಿತ್ತು. ಶಾಲೆಯಿಂದಲೂ ಮೊದಲ ಸಾಲಿನಲ್ಲೇ ಬೆಳೆದವರ ಕಷ್ಟವಿದು: ಪ್ರತಿಯೊಂದು ಕೆಲಸವೂ ಕೈಲಾಗುವಂಥದ್ದೇ ಆದ್ದರಿಂದ ಯಾವುದನ್ನೂ ಬಿಡಲು ನೆಪ ಸಿಗುವುದಿಲ್ಲ, ಮುಗಿಸಿಕೊಡುತ್ತಾರೆಂದು ಹೆಸರಾದವರ ಬಾಗಿಲಿಗೇ ಹೊಸ ಕೆಲಸವೂ ಬರುತ್ತದೆ.

ಸ್ಪ್ರಿಂಕ್ಲರ್ ಪೈಪುಗಳನ್ನು ಜೋಡಿಸುವ ಹೊತ್ತಿಗೆ, ತೋಟದ ಎಲ್ಲ ಬ್ಲಾಕಿಗೂ, ಅಂದರೆ ಎಲ್ಲ ಭಾಗಕ್ಕೂ, ಸ್ವಲ್ಪ ಸ್ವಲ್ಪ ಹಾಯಿಸೋಣವೆಂದು ಮನೆಯಲ್ಲಿ ಸೂಚಿಸಿದರು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಒಪ್ಪಲಿಲ್ಲ. ಸುಮಾರು ಒಂದು ಇಂಚಿನಷ್ಟಾದರೂ ನೀರು ಸಿಗದಿದ್ದರೆ ರೊಬಸ್ಟಾದ ಮೊಗ್ಗು ಅರೆಬರೆ ಉಬ್ಬಿ, ಅರಳದೆ ಕೆಡುತ್ತದೆ. ಅದಕ್ಕಿಂತ ಏನೂ ಹಾಯಿಸದೆ ಮಳೆಗೆ ಕಾಯುವುದೇ ಮೇಲು. ವಾರ ಕಳೆದು ಹೂವಾದ ಮೇಲೂ ಕೆಲಸ ಮುಗಿಯುವುದಿಲ್ಲ, ಕಾಯಿ ಕಚ್ಚಿ ನಿಲ್ಲಲು ಮೂರು ವಾರದೊಳಗೆ ಇನ್ನೊಂದು ಸರದಿ ನೀರು ಬೇಕು, ಆದ್ದರಿಂದ ಕೆರೆಯನ್ನು ಎರಡು ಸರದಿಗೆಂದು ಅಳೆದುಕೊಂಡೇ ಬ್ಲಾಕು ಆರಿಸಬೇಕು ಎಂದರು. ಹಣ್ಣು ಕೊಯ್ದು ಮುಗಿಯದ ಮೇಲಿನ ಬ್ಲಾಕನ್ನು ಮಾತಿಲ್ಲದೆ ಕೈಬಿಟ್ಟರು.

ನನ್ನ ಮನಸ್ಸನ್ನು ಹಿಡಿದದ್ದು ಆ ಎರಡನೆಯ ಸರದಿ. ತುರ್ತಿನದೂ ಮಹತ್ವದ್ದೂ ಬೇರೆ ಬೇರೆ ಎಂಬ ಮಾತನ್ನು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ ಹಿರಿಯರೊಬ್ಬರದೆಂದು ಉದ್ಧರಿಸಿದ್ದರು, ಅದರಿಂದ ಹುಟ್ಟಿದ, ಕೆಲಸಗಳನ್ನು ತುರ್ತು ಮತ್ತು ಮಹತ್ವ ನೋಡಿ ವಿಂಗಡಿಸುವ ನಾಲ್ಕು ಮನೆಗಳ ಪಟ್ಟಿಯನ್ನು ನಾನೂ ವಿದ್ಯಾರ್ಥಿಗಳಿಗೆ ಬರೆಸಿದ್ದೇನೆ. ಆದರೆ ಒಪ್ಪಿಕೊಂಡ ಕೆಲಸ ಮುಂದೆ ಎಷ್ಟು ಸಲ ಮರಳಿ ಬಂದು ಸಮಯ ಕೇಳುತ್ತದೆ ಎಂಬುದಕ್ಕೆ ಅದರಲ್ಲಿ ಮನೆಯೇ ಇಲ್ಲ. ಸಂಚಿಕೆಯೆಂದರೆ ಲೇಖನ ತಿದ್ದುವುದಷ್ಟೇ ಅಲ್ಲ, ಕರಡು, ಜಾಹೀರಾತು, ಮುದ್ರಣಾಲಯದ ಓಡಾಟ ಎಲ್ಲವೂ ಏಪ್ರಿಲ್‌ವರೆಗೆ ಬೆನ್ನು ಬಿಡುವುದಿಲ್ಲ. ಅಂಕಗಳಾದರೋ ಒಂದೇ ಸಲಕ್ಕೆ ಮುಗಿಯುತ್ತವೆ, ಅಲ್ಲದೆ ನನ್ನ ಹೊರತು ಬೇರೆಯವರು ಕೊಡುವಂತಿಲ್ಲ.

ಸಂಜೆ ಪಂಪಿನ ಸದ್ದಿನ ನಡುವೆಯೇ ಫೋನು ಹಿಡಿದು ಕುಳಿತೆ. ಲೆಕ್ಕಪತ್ರವನ್ನು ಬ್ಯಾಂಕಿನಿಂದ ನಿವೃತ್ತರಾದ ನೆಂಟರೊಬ್ಬರು ಸಂತೋಷದಿಂದಲೇ ವಹಿಸಿಕೊಂಡರು, ಮೆಣಸಿನ ಕೊಯ್ಲನ್ನು ಗುತ್ತಿಗೆಗೆ ಕೊಟ್ಟೆ, ಪ್ರಬಂಧಕ್ಕೆ ಬೆಳಗಿನ ಎರಡು ತಾಸು ಮೀಸಲಿಟ್ಟೆ. ಸಂಚಿಕೆಯನ್ನು ಬಿಟ್ಟುಕೊಟ್ಟಾಗ ಸಮಿತಿಯವರಿಗೆ ಬೇಸರವಾಯಿತು. ಮರುವರ್ಷ ಅವರು ನನ್ನನ್ನು ಕೇಳಲೇ ಇಲ್ಲ, ಅದರಿಂದ ನನಗೂ ತುಸು ಬೇಸರವಾಯಿತು.