ಆಲ್ಫ್ರೆಡ್ ರಾಜನ ಮೇಣದ ಗಡಿಯಾರ: ಕೊಂಬಿನ ಲಾಂದ್ರ ಕೊನೆಗೂ ದಾರಿಗೆ ಬಂತು

ನಿನ್ನೆ ರಾತ್ರಿ ಟೇಬಲ್ ಫ್ಯಾನ್‌ಗೆ ಎದುರಾಗಿಟ್ಟ ಲಾಂದ್ರದೊಳಗೆ ಮೇಣದಬತ್ತಿ ಸರಿಯಾಗಿ ನಾಲ್ಕು ಗಂಟೆ ಉರಿಯಿತು! ಅಂಗುಲಕ್ಕೆ 20 ನಿಮಿಷ, ಮೇಲಿನ ಗೆರೆಯಿಂದ ತಳದ ಗೆರೆಯವರೆಗೂ ಅದೇ ನಡೆ. ಈ ಸಾಲು ಬರೆಯಬೇಕೆಂದು ಎಷ್ಟು ಕಾಲದಿಂದ ಕಾದಿದ್ದೆನೋ. ಒಂಬತ್ತನೆಯ ಶತಮಾನದ ಇಂಗ್ಲೆಂಡಿನ ವೆಸೆಕ್ಸ್ ರಾಜ ಆಲ್ಫ್ರೆಡ್ ಹೊತ್ತು ಅಳೆಯಲು ಉರಿಸುತ್ತಿದ್ದ ಮೇಣದಬತ್ತಿ, ಅದಕ್ಕೆ ಗಾಳಿ ತಾಗದಂತೆ ಮಾಡಿಸಿದ ಕೊಂಬಿನ ಲಾಂದ್ರ, ಇವೆರಡನ್ನೂ ನಾನು ಮತ್ತೆ ಮಾಡಿ ನೋಡುತ್ತಿದ್ದೇನೆ.

ಲೆಕ್ಕ ಆಸ್ಸರ್ ಎಂಬ ವೇಲ್ಸ್‌ನ ಪಾದ್ರಿಯದು. 893ರಲ್ಲಿ ಆತ ಬರೆದ ಆಲ್ಫ್ರೆಡನ ಚರಿತ್ರೆಯಲ್ಲಿ ಅಳತೆಗಳೆಲ್ಲ ಇವೆ: 72 ಪೆನ್ನಿ ತೂಕದ ಮೇಣ, ಆರು ಬತ್ತಿ, ಒಂದೊಂದೂ 12 ಅಂಗುಲ, ಆರೂ ಸೇರಿ ಒಂದು ಹಗಲು ಒಂದು ರಾತ್ರಿ. ಈಗಿನ ಪೆನ್ನಿ ತೂಕವಾದ 1.555 ಗ್ರಾಂ ಹಿಡಿದರೆ ಬತ್ತಿಗೆ 18.7 ಗ್ರಾಂ ಮೇಣ, ದಪ್ಪ ಸುಮಾರು 9 ಮಿಲಿಮೀಟರ್. ಅಷ್ಟು ಸಣಕಲು ಬತ್ತಿ ನಾಲ್ಕು ಗಂಟೆ ನಿಲ್ಲುತ್ತದೆಯೇ ಎಂದು ಅನುಮಾನಿಸುವವರಿಗೆ ಹೇಳುತ್ತೇನೆ, ನಿಲ್ಲುತ್ತದೆ. ಜೇನುಮೇಣ ಅಸಲಿಯಾಗಿರಬೇಕು, ಅಷ್ಟೆ.

ಆ ಅಸಲಿ ಮೇಣ ಸಿಗುವುದೇ ಕಷ್ಟ. 'ಶುದ್ಧ' ಎಂದು ಬಂದ ಮೊದಲ ಪೊಟ್ಟಣ 55 ಡಿಗ್ರಿಗೇ ಕರಗಿ ನೀರಾಯಿತು. ಜೇನುಮೇಣ 62 ದಾಟದೆ ಕರಗಬಾರದು. ಪ್ಯಾರಾಫಿನ್ ಬೆರೆಸಿದ್ದರು, ಆರಿಸಿದಾಗ ವಾಸನೆಯೇ ಹೇಳುತ್ತಿತ್ತು. ಕೊಂಬಿನ ವ್ಯಾಪಾರಿಯೂ ಕಡಿಮೆಯಿಲ್ಲ. ಬೆಳಕು ಹಾಯುವ ಬಿಳಿ ಎತ್ತಿನ ಕೊಂಬು ಕೇಳಿದರೆ ಕಾಡಿಗೆಗಪ್ಪಿನ ಎಮ್ಮೆ ಕೊಂಬು ಕಳಿಸಿ, "ತೆಳ್ಳಗೆ ಹೆರೀರಿ ಸಾರ್, ಬೆಳಕು ಬರತ್ತೆ" ಅಂದರು. ಬರಲಿಲ್ಲ.

ಬತ್ತಿ ಅದ್ದುವುದು, ನೂಲು ಆರಿಸುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡುತ್ತೇನೆ. ಕೊಂಬನ್ನು ಕುದಿಸಿ, ಸೀಳಿ, ಬಿಸಿ ತಗಡುಗಳ ನಡುವೆ ಅಮುಕಿ, ಗಾಜಿನ ಚೂರಿನಂಚಿನಲ್ಲಿ ಹೆರೆಯುವುದೂ ತಾಳ್ಮೆಯದೇ ಹೊರತು ತಲೆಯದಲ್ಲ. ತಲೆ ತಿಂದದ್ದು ಗಾಳಿ.

ಆಲ್ಫ್ರೆಡನಿಗೂ ಅದೇ ಕಾಟ. ಹಗಲಿರುಳಿನ ಅರ್ಧವನ್ನು ದೇವರ ಸೇವೆಗೆ ಕೊಡುತ್ತೇನೆಂದು ಹರಕೆ ಹೊತ್ತಿದ್ದ. ರಾತ್ರಿ ಕತ್ತಲು, ಹಗಲು ಮೋಡ ಮಳೆ. ಸೂರ್ಯನನ್ನು ನಂಬಿ ಹೊತ್ತು ಅಳೆಯುವಂತಿರಲಿಲ್ಲ. ಬತ್ತಿ ಹಚ್ಚಿಸಿದರೆ ಚರ್ಚಿನ ಬಾಗಿಲು, ಗೋಡೆಯ ಬಿರುಕು, ಡೇರೆಯ ತೆಳು ಬಟ್ಟೆ ಎಲ್ಲದರಿಂದ ಗಾಳಿ ನುಗ್ಗಿ ಬತ್ತಿಗಳು ಹೊತ್ತಿಗೆ ಮುಂಚೆಯೇ ಮುಗಿಯುತ್ತಿದ್ದವು. ಆಗ ಮರದ ಚೌಕಟ್ಟಿಗೆ ಗಾಜಿನಂತೆ ಹೊಳೆಯುವ ಹಾಗೆ ಹೆರೆದ ಎತ್ತಿನ ಕೊಂಬು ಕೂಡಿಸಿ ಲಾಂದ್ರ ಮಾಡಿಸಿದ. 878ರ ಚಳಿಗಾಲದಲ್ಲಿ ಆಥೆಲ್ನಿಯ ಜೌಗಿನಲ್ಲಿ ಅಡಗಿದ್ದು, ಆ ವರ್ಷವೇ ಎಡಿಂಗ್ಟನ್‌ನಲ್ಲಿ ಗುತ್ರುಮ್‌ನ ಡೇನರನ್ನು (ಡೆನ್ಮಾರ್ಕ್ ಕಡೆಯಿಂದ ಬಂದ ದಾಳಿಕೋರರನ್ನು) ಸೋಲಿಸಿದ ರಾಜ ಇವನೇ. ಅವನ ಯುದ್ಧಗಳಿಗಿಂತ ಈ ಲಾಂದ್ರದ ಮೇಲೆ ನನಗೆ ಪ್ರೀತಿ ಹೆಚ್ಚು.

ಆದರೆ ಲಾಂದ್ರ ಹೊರಗಿನ ಗಾಳಿಯನ್ನು ತಡೆದು ಒಳಗೊಂದು ಗಾಳಿಯನ್ನು ಹುಟ್ಟಿಸುತ್ತದೆ. ಮೊದಲ ನಾಲ್ಕೈದು ಅಂಗುಲ ಚೆನ್ನಾಗಿ ನಡೆದು, ಆಮೇಲೆ ಜ್ವಾಲೆ ಉದ್ದವಾಗಿ ನಡುಗುತ್ತಾ, ತಳದ ಅಂಗುಲಗಳು 15 ನಿಮಿಷಕ್ಕೇ ಮುಗಿಯುತ್ತಿದ್ದವು. ನೂಲು ಬದಲಿಸಿದೆ, ಮೇಣ ಬದಲಿಸಿದೆ, ಚಾಳಿ ಬದಲಾಗಲಿಲ್ಲ. ಕೊನೆಗೆ ಅಗರಬತ್ತಿಯನ್ನು ತಳದ ತೂತಿಗೆ ಹಿಡಿದಾಗ ವಿಷಯ ತಿಳಿಯಿತು. ಬತ್ತಿ ಕರಗಿದಂತೆ ಜ್ವಾಲೆ ಕೆಳಗಿಳಿಯುತ್ತದೆ. ಅದರ ಮೇಲಿನ ಬಿಸಿ ಗಾಳಿಯ ಕಂಬ ಅಷ್ಟೇ ಎತ್ತರವಾಗುತ್ತದೆ. ಕಂಬ ಎತ್ತರವಾದಷ್ಟೂ ತಳದಿಂದ ಎಳೆತ ಜೋರು. ಲಾಂದ್ರ ಹೊಗೆಕೊಳವೆಯಾಗಿಬಿಟ್ಟಿತ್ತು. ಹೊಗೆಯ ಎಳೆ ಮೊದಲ ಗಂಟೆಯಲ್ಲಿ ಮೆಲ್ಲಗೆ ಒಳಗೆ ಹೋಗುತ್ತಿದ್ದುದು ಮೂರನೆಯ ಗಂಟೆಗೆ ಸರ್ರನೆ ಎಳೆದುಕೊಳ್ಳುತ್ತಿತ್ತು.

ತೂತುಗಳನ್ನು ಪೂರಾ ಮುಚ್ಚಿದರೆ ಒಳಗೆ ಕಾವು ಏರಿ ಬತ್ತಿಯ ಹೆಗಲು ಮೆತ್ತಗಾಗುತ್ತದೆ, ಮೇಣ ಸುರಿದು ಹೋಗುತ್ತದೆ. ಪರಿಹಾರ ನಡುವೆ ಇತ್ತು. ತಳದ ನಾಲ್ಕು ದೊಡ್ಡ ತೂತುಗಳನ್ನು ಬೆಣೆಯಿಂದ ಮುಚ್ಚಿ, ಚೌಕಟ್ಟಿನ ಸುತ್ತ ಸಣ್ಣ ತೂತು ಕೊರೆದು, ಒಳಗಡೆ ಒರಟು ನಾರುಬಟ್ಟೆಯ ಪಟ್ಟಿ ಅಂಟಿಸಿದೆ. ಎಳೆತ ಎಷ್ಟೇ ಜೋರಾದರೂ ಬಟ್ಟೆ ಗಾಳಿಯನ್ನು ಸೋಸಿಯೇ ಬಿಡುತ್ತದೆ. ಮೇಲಿನ ಬಾಯಿಯನ್ನೂ ಅರ್ಧಕ್ಕಿಳಿಸಿ ಮುಚ್ಚಳ ಕೂರಿಸಿದ್ದೇನೆ, ಫ್ಯಾನಿನ ಗಾಳಿ ನೇರ ಇಳಿಯದಂತೆ. ಇಂಥದ್ದು ಮಾಡುವವರು ಗೆರೆ ಹಾಕುವ ಮುನ್ನ ಬತ್ತಿಯನ್ನು ಲಾಂದ್ರದೊಳಗೇ ಉರಿಸಿ ನೋಡಿ. ಬಯಲಲ್ಲಿ ಅಳೆದ ಬತ್ತಿಗೂ ಲಾಂದ್ರದೊಳಗಿನ ಬತ್ತಿಗೂ ಸಂಬಂಧವಿಲ್ಲ.

ಮೇಣ ಆರುವ ಹೊತ್ತಲ್ಲೆಲ್ಲ ಮನಸ್ಸು ಇನ್ನೊಂದು ಕಡೆ ಓಡುತ್ತಿದೆ. 1693ರಲ್ಲಿ ಸಾಮರ್ಸೆಟ್‌ನ ನಾರ್ತ್ ಪೆದರ್ಟನ್ ಬಳಿ, ಆಥೆಲ್ನಿಗೆ ಕೆಲವೇ ಮೈಲಿ ದೂರದಲ್ಲಿ ಸಿಕ್ಕ 'ಆಲ್ಫ್ರೆಡ್ ಜ್ಯುವೆಲ್' ಈಗ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಚಿನ್ನದ ಕಟ್ಟು, ಸ್ಫಟಿಕದಡಿ ಎನಾಮೆಲ್ (ಲೋಹಕ್ಕೆ ಕರಗಿಸಿ ಕೂರಿಸಿದ ಬಣ್ಣದ ಗಾಜು) ಚಿತ್ರ, ಸುತ್ತ 'ಆಲ್ಫ್ರೆಡ್ ನನ್ನನ್ನು ಮಾಡಿಸಿದ' ಎಂಬ ಬರಹ. ಪುಸ್ತಕ ಓದುವಾಗ ಸಾಲು ತೋರಿಸುವ ಕಡ್ಡಿಯ ಹಿಡಿಯಾಗಿತ್ತೆಂದು ಬಹುಮಂದಿ ವಿದ್ವಾಂಸರ ಊಹೆ. ತಾಮ್ರದ ತಂತಿ ಬಾಗಿಸಿ ಕೋಶ ಕಟ್ಟಿ ಎನಾಮೆಲ್ ತುಂಬುವುದನ್ನು ಕಲಿಯಬೇಕು. ಸಣ್ಣ ಕುಲುಮೆಯ ಬೆಲೆ ವಿಚಾರಿಸಿದ್ದೇನೆ.

ಅದಕ್ಕೆ ಮೊದಲು ಆರೂ ಬತ್ತಿಗಳನ್ನು ಒಂದರ ಬೆಂಕಿಯಿಂದ ಇನ್ನೊಂದು ಹಚ್ಚುತ್ತಾ ಪೂರ್ತಿ 24 ಗಂಟೆ ನಡೆಸಬೇಕು. ಬತ್ತಿ ಬದಲಿಸಲು ಬಾಗಿಲು ತೆರೆದಾಗ ಕಳೆಯುವ ನಿಮಿಷಗಳನ್ನು ಎಲ್ಲಿ ಹೊಂದಿಸುವುದೋ ಇನ್ನೂ ಹೊಳೆದಿಲ್ಲ. ಯಾರಾದರೂ ಮಾಡಿದ್ದರೆ ತಿಳಿಸಿ.