ತಲೆ ಅಲ್ಲಾಡಿಸಬೇಡಿ, ಬಾಯಿಬಿಟ್ಟು ಹೇಳಿ

"ತಲೆ ಅಲ್ಲಾಡಿಸಬೇಡಿ. ಬಾಯಿಬಿಟ್ಟು ಹೇಳಿ. ಹೌದೋ, ಅಲ್ಲವೋ?"

ಮಂಗಳವಾರ ಲಿಥುವೇನಿಯಾದ ಕೌನಸ್ ಊರಿನ ನೋಟರಿ ಆಫೀಸಿನಲ್ಲಿ ನನ್ನನ್ನು ಹೀಗೆ ಗದರಿದವರು ನಾನೇ ದುಡ್ಡು ಕೊಟ್ಟು ಕರೆಸಿದ ದುಭಾಷಿ. ಅರವತ್ತು ದಾಟಿದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ.

ಫ್ಲ್ಯಾಟ್ ಪತ್ರಕ್ಕೆ ಸಹಿ ಹಾಕಬೇಕಿತ್ತು. ನನಗೆ ಲಿಥುವೇನಿಯನ್ ಬರಲ್ಲ, ಹೆಂಡತಿಗೆ ಚೆನ್ನಾಗಿ ಬರುತ್ತೆ. ಅವಳೇ ಹೇಳಲಿ ಅಂದೆ. "ಅವರೂ ಕೊಳ್ಳುವವರೇ ಅಲ್ವಾ? ಆಗಲ್ಲ" ಅಂದರು ನೋಟರಿ ಆಫೀಸಿನವರು. ಸರಿ, ಹುಡುಕಾಟ ಶುರು. ಅಲ್ಲಿ ಬರೆದು ಅನುವಾದಿಸುವವರಿಗೂ ಎದುರು ಕೂತು ಮಾತು ದಾಟಿಸುವವರಿಗೂ ಒಂದೇ ಹೆಸರು: ಗಂಡಸಾದರೆ ವೆರ್ತೇಯಸ್, ಹೆಂಗಸಾದರೆ ವೆರ್ತೇಯಾ. ಮೂರು ದಿನ ಫೋನ್ ಮಾಡಿದೆ. ಸಿಕ್ಕವರೆಲ್ಲ ಕಾಗದದವರೇ. "ಫೈಲ್ ಕಳಿಸಿ, ಗುರುವಾರ ಕೊಡ್ತೀನಿ." ಬಂದು ಕೂರ್ತೀರಾ ಅಂದರೆ ಆ ಕಡೆ ಮೌನ.

ಬ್ರೋಕರ್ ಹುಡುಗ "ಬರೀ ಫಾರ್ಮಾಲಿಟಿ, ಯಾರನ್ನಾದ್ರೂ ಕರ್ಕೊಂಡು ಬನ್ನಿ" ಅಂದಿದ್ದ. ಜಾಸ್ತಿ ನಗುವ ಬ್ರೋಕರ್‌ಗಳನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ.

ಈ ದೇಶಕ್ಕೆ ಬರುವ ಮೊದಲು ನನಗೆ ಒಂದು ಹುಚ್ಚು ಧೈರ್ಯವಿತ್ತು. ಸೂನುಸ್ ಅಂದರೆ ಮಗ, ಉಗ್ನಿಸ್ ಅಂದರೆ ಬೆಂಕಿ, ವೀರಸ್ ಅಂದರೆ ಗಂಡಸು. ಎಲ್ಲ ಸಂಸ್ಕೃತದ ಹಾಗೇ ಇದೆಯಲ್ಲ, ಹೇಗೋ ನಡೆಯುತ್ತೆ ಅಂದುಕೊಂಡಿದ್ದೆ. ಕರಾರು ಪತ್ರದಲ್ಲಿ ಮಗನೂ ಬರಲಿಲ್ಲ, ಬೆಂಕಿಯೂ ಬರಲಿಲ್ಲ. ಏಳು ವಿಭಕ್ತಿ ಹೊತ್ತ ಉದ್ದುದ್ದ ಪದಗಳು ಮಾತ್ರ ಬಂದವು.

ನೋಟರಿ ಓದುತ್ತಾ ಹೋದರು, ವೆರ್ತೇಯಾ ಇಂಗ್ಲಿಷ್‌ನಲ್ಲಿ ಹೇಳುತ್ತಾ ಹೋದರು. ನಾನು ನಮ್ಮ ಅಭ್ಯಾಸದಂತೆ ತಲೆ ಆಡಿಸುತ್ತಾ ಇದ್ದೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. "ಕೇಳಿಸ್ಕೋತಾ ಇದೀನಿ, ಮುಂದುವರಿಸಿ" ಅಂತ, ಅಷ್ಟೇ. ಆಕೆ ಕೈ ಎತ್ತಿ ಓದು ನಿಲ್ಲಿಸಿದರು. ಹೌದೋ, ಅಲ್ಲವೋ? ನಾನು ಮತ್ತೆ ತಲೆ ಆಡಿಸಿದೆ! ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು.

ಆ ಪ್ಯಾರಾ ಮತ್ತೆ ಓದಿಸಿದರು. ನೆಲಮಾಳಿಗೆಯ ಸಾಮಾನಿನ ಕೋಣೆಯ ವಿಷಯ. ಅಲ್ಲಿ ಅದಕ್ಕೆ ಸಂದೇಲ್ಯೂಕಸ್ ಅಂತಾರೆ. ಬ್ರೋಕರ್ ಬೀಗ ತೆಗೆದು ತೋರಿಸಿದ್ದ, ಸೈಕಲ್ ಎಲ್ಲಿಡೋದು ಅಂತಲೂ ನಾನು ಲೆಕ್ಕ ಹಾಕಿದ್ದೆ. ಪತ್ರದ ಪ್ರಕಾರ ಅದು ನಮಗೆ ಮಾರಾಟವೇ ಆಗುತ್ತಿರಲಿಲ್ಲ, ಬರೀ ಬಳಸಿಕೊಳ್ಳಬಹುದಿತ್ತು. ಬ್ರೋಕರ್ ಫೋನ್ ನೋಡುತ್ತಾ ಕೂತ. ಮಾರುವ ಅಜ್ಜ ಪಾಪ, ಕೆಂಪಗಾಗಿ ಏನೋ ಗೊಣಗಿದರು. ಅದನ್ನೂ ಆಕೆ ಬಿಡದೆ ಅನುವಾದಿಸಿದರು: "ನನಗೂ ಯಾರೂ ಹೇಳಿರಲಿಲ್ಲ ಅಂತಿದ್ದಾರೆ."

ಆ ಕೋಣೆ ಕೈಬಿಟ್ಟು, ಬೆಲೆ ಸ್ವಲ್ಪ ಇಳಿಸಿ, ಒಂದು ಗಂಟೆ ತಡವಾಗಿ ಸಹಿ ಹಾಕಿದೆವು. ಆಮೇಲೆ ಆಕೆಯೇ ಹೇಳಿದರು: ಅನುವಾದಿಸು ಅನ್ನುವ ಅವರ ಪದ 'ವೆರ್ಸ್ತಿ'ಗೆ ಮಗುಚಿ ಹಾಕು ಅಂತಲೂ ಅರ್ಥ, ಬಲವಂತ ಮಾಡು ಅಂತಲೂ ಅರ್ಥವಂತೆ. ನೋಟರಿ ಆಫೀಸಿನಲ್ಲಿ ಕೂತಿದ್ದ ಆರು ಜನರಲ್ಲಿ ನನಗೆ ಅರ್ಥವಾಗಲೇಬೇಕು ಅಂತ ಹಟ ಹಿಡಿದವರು ಅವರೊಬ್ಬರೇ. ನಾನೂ ಹಿಡಿದಿರಲಿಲ್ಲ.

ಮೆಟ್ಟಿಲಿಳಿಯುವಾಗ "ಟ್ರಾಲಿಬಸ್ ಸ್ಟಾಪ್ ಗೊತ್ತಲ್ಲ?" ಅಂತ ಕೇಳಿದರು. ತಲೆ ಆಡಿಸಿದೆ. ಆಕೆ ನಿಂತರು. ಹಾಗೇ ಕಾಯುತ್ತಾ ನಿಂತರು.

"ತೈಪ್," ಎಂದೆ. ಹೌದು.