ಅಳಿಯ ಬರುವವರೆಗೆ

ನಮ್ಮ ಅಣ್ಣನ ಮಗಳ ಗಂಡ ಮುಂದೆ ಯಾವತ್ತಾದರೂ ಅಮೆರಿಕದಲ್ಲಿ ಬಡವರಿಗೆಂದು ಇರುವ ಸರ್ಕಾರಿ ಸವಲತ್ತು ತೆಗೆದುಕೊಂಡರೆ ಆ ಹಣವನ್ನು ನನ್ನಿಂದ ವಸೂಲಿ ಮಾಡಬಹುದು ಎಂದು ನಾನು ಸಹಿ ಹಾಕಿ ಕೊಟ್ಟಿದ್ದೇನೆ. ಐ-864 ಅನ್ನುವ ಫಾರಂ ಅದು. ಗಂಡ ಹೆಂಡತಿ ಡೈವೋರ್ಸ್ ಮಾಡಿಕೊಂಡರೂ ನನ್ನ ಹೊಣೆ ತಪ್ಪುವುದಿಲ್ಲ. ಅದು ತೀರಬೇಕಾದರೆ ಅವನು ಇಲ್ಲಿನ ಪ್ರಜೆಯಾಗಬೇಕು, ಇಲ್ಲವೇ 40 ತ್ರೈಮಾಸಿಕಗಳ, ಅಂದರೆ ಸುಮಾರು 10 ವರ್ಷದ ದುಡಿಮೆ ಅವನ ಲೆಕ್ಕಕ್ಕೆ ಜಮೆಯಾಗಬೇಕು, ಇಲ್ಲವೇ ಅವನು ಈ ದೇಶ ಬಿಟ್ಟು ಹೋಗಿಬಿಡಬೇಕು, ಅದೂ ಇಲ್ಲದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ಸಾಯಬೇಕು. ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "ಧಾರೆ ಎರೆದುಕೊಟ್ಟ ನಿಮ್ಮಣ್ಣಂಗೂ ಇಷ್ಟು ಷರತ್ತು ಇರ್ಲಿಲ್ಲ ಕಣ್ರೀ" ಅಂದಳು. ಆಮೇಲೆ ಪೆನ್ನು ಅವಳೇ ತಂದುಕೊಟ್ಟಳು.

ಹುಡುಗಿಗೆ ಗ್ರೀನ್ ಕಾರ್ಡ್ ಆದದ್ದು ಅಪ್ಪನ ಕೆಲಸದ ಮೂಲಕ. ಅಣ್ಣ ಅತ್ತಿಗೆ ವಾಪಸು ಹೋದರು, ಅವಳು ಇಲ್ಲೇ ಉಳಿದಳು. ಮದುವೆ ಭಾರತದಲ್ಲಾಯಿತು. ಆದಮೇಲೆ ಗಂಡನನ್ನು ಕರೆಸಿಕೊಳ್ಳಲು ಐ-130 ಅನ್ನುವ ಅರ್ಜಿ ಹಾಕಿದಳು. ಆಗ ಗ್ರೀನ್ ಕಾರ್ಡ್ ಇರುವವರ ಗಂಡ, ಹೆಂಡತಿ, ಮಕ್ಕಳಿಗೆ ಮೀಸಲಾದ ಎಫ್2ಎ ವರ್ಗ 'ಕರೆಂಟ್' ಇತ್ತು. ಅಂದರೆ ಅರ್ಜಿ ಮಂಜೂರಾಗುವುದಕ್ಕೆ ಕಾಯಬೇಕೇ ಹೊರತು ವೀಸಾ ನಂಬರಿಗೆ ಕಾಯಬೇಕಾಗಿರಲಿಲ್ಲ. ಯಾರ ಸರದಿ ಬಂದಿದೆ ಎಂದು ತಿಂಗಳು ತಿಂಗಳು ತಿಳಿಸುವ ಸರ್ಕಾರಿ ಪಟ್ಟಿಯೇ ವೀಸಾ ಬುಲೆಟಿನ್. 2023ರ ಏಪ್ರಿಲ್ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಈ ವರ್ಗ ಏಕಾಏಕಿ 2020ರ ಸೆಪ್ಟೆಂಬರ್‌ಗೆ ಹಿಂದೆ ಸರಿಯಿತು. ಆ ತಾರೀಖಿನ ನಂತರ ಅರ್ಜಿ ಹಾಕಿದವರೆಲ್ಲ ಸಾಲಿನಲ್ಲಿ ನಿಲ್ಲಬೇಕು. ಇವಳದು ನಂತರದ್ದೇ. ಹೊಟ್ಟೆಯಲ್ಲಿ ಮಗು ಬೇರೆ.

"ಅಷ್ಟರವರೆಗೆ ಟೂರಿಸ್ಟ್ ವೀಸಾದಲ್ಲಿ ಬಂದುಹೋಗಲಿ" ಎಂದು ಹೇಳದವರಿಲ್ಲ. ಅವನು ಹೆರಿಗೆಯ ಹೊತ್ತಿಗೆಂದು ಪ್ರಯತ್ನಪಟ್ಟ, 214(ಬಿ) ಅಡಿಯಲ್ಲಿ ನಿರಾಕರಣೆಯಾಯಿತು. ಈ ಕಲಂ ಪ್ರಕಾರ, ಪ್ರವಾಸಿ ವೀಸಾ ಕೇಳುವವನು ತಾನು ಖಂಡಿತ ವಾಪಸು ಹೋಗುತ್ತೇನೆಂದು ಅಧಿಕಾರಿಗೆ ಮನದಟ್ಟು ಮಾಡಿಕೊಡಬೇಕು. ಹೆಂಡತಿ ಅಮೆರಿಕದಲ್ಲಿ, ಶಾಶ್ವತವಾಗಿ ಬಂದು ನೆಲೆಸುತ್ತೇನೆಂಬ ಅರ್ಜಿ ಕಡತದಲ್ಲಿ. ಯಾರಿಗೆ ಮನದಟ್ಟು ಮಾಡುವುದು? ಅವಳಾದರೂ ಅಲ್ಲಿಗೆ ಹೋಗಿರೋಣವೆಂದರೆ, ಸತತವಾಗಿ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪೌರತ್ವಕ್ಕೆ ಬೇಕಾದ ನಿರಂತರ ವಾಸಕ್ಕೆ ಕುತ್ತು. ವರ್ಷ ದಾಟಿದರೆ ಗ್ರೀನ್ ಕಾರ್ಡಿಗೇ ಸಂಚಕಾರ. ಬೇಗ ಒಂದಾಗಬೇಕಾದರೆ ದೂರವೇ ಇರಬೇಕು ಅನ್ನುವ ಈ ವಿಚಿತ್ರವನ್ನು ಊರಿನವರಿಗೆ ಫೋನಿನಲ್ಲಿ ಬಿಡಿಸಿ ಹೇಳುವುದು ನನ್ನ ಪಾಲಿಗೆ ಬಂತು.

ಬಂತು ಅಂದರೆ, ನಾನೇ ಕೇಳಿ ತೆಗೆದುಕೊಂಡೆ. ಹೆರಿಗೆಗೆ ನಮ್ಮ ಮನೆಗೆ ಕರೆತಂದ ಮೇಲೆ ಗಮನಿಸಿದೆ. ಅವಳಿಗೆ ಬರುವ ಪ್ರತಿ ಕರೆಯೂ "ಮಗು ಹೇಗಿದೆ?" ಎಂದು ಶುರುವಾಗಿ "ಅವನದೇನಾಯ್ತು?" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಕೇಳುವವರಿಗೆ ಅದು ವಿಶ್ವಾಸ. ಇವಳಿಗೆ, ಹೇಳುವುದಕ್ಕೆ ಏನೂ ಇಲ್ಲ ಎಂಬುದನ್ನು ದಿನಾ ಹೊಸಬರೊಬ್ಬರಿಗೆ ಹೇಳುವ ಕೆಲಸ. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಟ್ಟೆ: ವೀಸಾ ವಿಷಯ ಏನಿದ್ದರೂ ನನ್ನನ್ನು ಕೇಳಿ, ಅವಳನ್ನಲ್ಲ. ಅಣ್ಣನಿಗೆ ಸ್ವಲ್ಪ ಬೇಜಾರಾಯಿತು. ಮಗಳ ವಿಷಯ ತಮ್ಮನನ್ನು ಕೇಳಿ ತಿಳಿದುಕೊಳ್ಳಬೇಕೇ ಎಂದ. ಹೌದು, ಈ ಒಂದು ವಿಷಯ ಮಾತ್ರ, ಎಂದೆ. ಆಮೇಲಿಂದ ಪ್ರತಿ ತಿಂಗಳು ಬುಲೆಟಿನ್ ಬಂದಾಗ ಎರಡು ಸಾಲು ಬರೆದು ಹಾಕುತ್ತಿದ್ದೆ. ಅವಳು ಮನೆಯಲ್ಲಿ ನನ್ನ ಮುಖ ನೋಡಿ, ನಾನೇನೂ ಹೇಳದಿದ್ದರೆ ತಾನೂ ಕೇಳುತ್ತಿರಲಿಲ್ಲ.

ಮಗುವಿನ ಸ್ನಾನ ಸಂಜೆ ಏಳಕ್ಕೆ. ನಾವಿರುವುದು ನ್ಯೂಜೆರ್ಸಿ. ಬೇಸಿಗೆಯಲ್ಲಿ ನಮ್ಮ ಸಂಜೆ ಏಳು ಅಂದರೆ ಭಾರತದಲ್ಲಿ ಮರುದಿನ ಬೆಳಗಿನ ಜಾವ ನಾಲ್ಕೂವರೆ. ಅಳಿಯ ಅಲಾರಂ ಇಟ್ಟುಕೊಂಡು ಎದ್ದು, ಮಗಳ ಸ್ನಾನ ನೋಡಿ, ಮತ್ತೆ ಮಲಗಿ, ಆಫೀಸಿಗೆ ಹೋಗುತ್ತಿದ್ದ. ಬೆಳಿಗ್ಗೆ ಹೊತ್ತು ಮಾಡಬಾರದೇ ಎಂದರೆ ಬೆಳಿಗ್ಗೆ ಇವಳ ಕೆಲಸ, ಅಲ್ಲಿ ಅವನ ಮೀಟಿಂಗು. ಬಚ್ಚಲಿನ ಕಟ್ಟೆ ಮೇಲೆ ಶಾಂಪೂ ಬಾಟಲಿಗೆ ಫೋನ್ ಒರಗಿಸುವ ಕೆಲಸ ನನ್ನದು. ಆವಿಗೆ ಪರದೆ ಮಂಜಾದರೆ ಒರೆಸುವುದೂ ನನ್ನದೇ. ಅವನು ಕತ್ತಲೆ ಕೋಣೆಯಲ್ಲಿ, ಮುಖದ ಮೇಲೆ ಫೋನಿನ ಬೆಳಕಷ್ಟೇ, ಪಕ್ಕದವರಿಗೆ ಎಚ್ಚರವಾಗಬಾರದೆಂದು ಪಿಸುದನಿಯಲ್ಲಿ ಮಗಳನ್ನು ಕೂಗುತ್ತಿದ್ದ. ನವೆಂಬರ್‌ನಲ್ಲಿ ನಮ್ಮ ಗಡಿಯಾರ ಒಂದು ಗಂಟೆ ಹಿಂದೆ ಹೋದಾಗ ಅವನ ನಾಲ್ಕೂವರೆ ಐದೂವರೆ ಆಯಿತು. ಅಮೆರಿಕ ಸರ್ಕಾರ ತನಗೆ ಮಾಡಿದ ಮೊದಲ ಉಪಕಾರ ಅದು ಎಂದು ನಗುತ್ತಿದ್ದ.

ಅವನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಇಂಥ ಅಗಲಿಕೆಯಲ್ಲಿ ಎಲ್ಲರ ಕರುಳೂ ತಾಯಿ ಮಗುವಿನ ಕಡೆಗೇ ಚುರುಕ್ ಅನ್ನುತ್ತದೆ. ಆ ಕಡೆ ಒಬ್ಬನೇ ಇರುವವನನ್ನು ಕೇಳುವವರು ಕಡಿಮೆ. ಅವನು ಕೆಲಸ ಬಿಡುವಂತಿಲ್ಲ, ದೊಡ್ಡ ಪ್ರಾಜೆಕ್ಟ್ ಒಪ್ಪಿಕೊಳ್ಳುವಂತಿಲ್ಲ, ಬಾಡಿಗೆ ಮನೆಯ ಕರಾರು ಹನ್ನೊಂದು ತಿಂಗಳಿಗೆ ಮಾಡಿಸುವುದೋ ಬೇಡವೋ ಗೊತ್ತಿಲ್ಲ. ಮದುವೆ ಮುಂಜಿಗೆ ಹೋದರೆ "ಹೆಂಡ್ತಿ ಅಮೆರಿಕಾದಲ್ಲಿ, ನೀನ್ಯಾಕಪ್ಪ ಇಲ್ಲೇ?" ಎಂಬ ಕುಹಕ. ನಾನು ಭಾನುವಾರ ಅವನಿಗೆ ಫೋನ್ ಮಾಡುತ್ತಿದ್ದೆ. ನಿಯಮ ಒಂದೇ, ವೀಸಾ ಮಾತು ಎತ್ತಕೂಡದು. ಕ್ರಿಕೆಟ್ಟು, ಅವನ ಬಾಸಿನ ಕಾಟ, ನನ್ನ ಮಂಡಿನೋವು. ಒಮ್ಮೊಮ್ಮೆ ಅರ್ಧ ಗಂಟೆ ಮಾತಾಡಿ ಇಟ್ಟಮೇಲೆ ನನ್ನ ಹೆಂಡತಿ "ಏನಂದ?" ಎಂದರೆ ಹೇಳಲು ಏನೂ ಇರುತ್ತಿರಲಿಲ್ಲ.

ದಾರಿ ಕೊನೆಗೆ ತೆರೆದದ್ದು ಅವಳ ಪೌರತ್ವದಿಂದ. ಗ್ರೀನ್ ಕಾರ್ಡಿಗೆ 5 ವರ್ಷ ತುಂಬುವ 90 ದಿನ ಮೊದಲೇ ಪೌರತ್ವದ ಅರ್ಜಿ ಎನ್-400 ಹಾಕಬಹುದು. ಪ್ರಜೆಯ ಗಂಡನಿಗೆ ವೀಸಾಗಳ ವಾರ್ಷಿಕ ಮಿತಿ ಇಲ್ಲ, ಬುಲೆಟಿನ್ ಕಾಯುವ ಗೋಜೂ ಇಲ್ಲ, ಹಳೇ ಐ-130ಯೇ ಮೇಲ್ದರ್ಜೆಗೆ ಏರುತ್ತದೆ. ಆದರೆ ಅದು ತಾನಾಗಿ ಆಗುತ್ತದೆಂದು ಕೂರಬಾರದು. ಪೌರತ್ವದ ಪ್ರಮಾಣಪತ್ರವನ್ನು ಅರ್ಜಿ ಎಲ್ಲಿದೆಯೋ ಅಲ್ಲಿಗೆ ಕಳಿಸಿ ತಿಳಿಸಬೇಕು. ಮಂಜೂರಾಗುವ ಮುಂಚೆಯಾದರೆ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ, ಆಮೇಲಾದರೆ ವೀಸಾ ಕಾಗದ ಪರಿಶೀಲಿಸುವ ನ್ಯಾಷನಲ್ ವೀಸಾ ಸೆಂಟರ್‌ಗೆ. ಪೌರತ್ವ ಪರೀಕ್ಷೆಯ ಪ್ರಶ್ನೆಗಳನ್ನು ಅವಳು ಮಗುವಿಗೆ ಹಾಲು ಕುಡಿಸುತ್ತ ಓದಿಕೊಂಡಳು. ನಾನು ಕೇಳುವುದು, ಅವಳು ಹೇಳುವುದು. ಸುಪ್ರೀಂ ಕೋರ್ಟಿನಲ್ಲಿ ಎಷ್ಟು ಜನ ನ್ಯಾಯಾಧೀಶರು ಎಂದರೆ ನಮ್ಮನೆಯಲ್ಲಿ ಈಗ ಯಾರು ಬೇಕಾದರೂ ಒಂಬತ್ತು ಅನ್ನುತ್ತಾರೆ.

ಮುಂದಿನದು ಕಾಗದಗಳ ಕಾಲ. ಅವನದು ವಲಸೆ ವೀಸಾದ ಅರ್ಜಿ ಡಿಎಸ್-260, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ಜನನ ಪ್ರಮಾಣಪತ್ರ, ಮದುವೆ ನೋಂದಣಿ. ಇವಳದು ಆದಾಯ. ಅರ್ಜಿದಾರರ ವರಮಾನ, ಬರುವವನನ್ನೂ ಸೇರಿಸಿ ಲೆಕ್ಕ ಹಾಕಿದ ಕುಟುಂಬಕ್ಕೆ, ಸರ್ಕಾರ ಪ್ರತಿವರ್ಷ ನಿಗದಿ ಮಾಡುವ ಬಡತನ ರೇಖೆಯ 125% ಮುಟ್ಟಬೇಕು. ಹೆರಿಗೆ ರಜೆ, ಆಮೇಲೆ ಅರ್ಧ ದಿನದ ಕೆಲಸ, ಮುಟ್ಟಲಿಲ್ಲ. ಜಾಯಿಂಟ್ ಸ್ಪಾನ್ಸರ್, ಅಂದರೆ ಜೊತೆಗೆ ಹೊಣೆ ಹೊರುವ ಇನ್ನೊಬ್ಬರು, ಬೇಕಾದದ್ದು ಅದಕ್ಕೆ. ಅವರು ನೆಂಟರೇ ಆಗಿರಬೇಕೆಂದಿಲ್ಲ, 18 ತುಂಬಿದ, ಇಲ್ಲಿ ವಾಸವಿರುವ ಪ್ರಜೆಯೋ ಗ್ರೀನ್ ಕಾರ್ಡಿನವರೋ ಆದರೆ ಸಾಕು. ನಾನು ಸಹಿ ಹಾಕಿದೆನೆಂದು ಅವಳ ಸಹಿ ತಪ್ಪುವುದಿಲ್ಲ, ಅರ್ಜಿದಾರಳಾಗಿ ಅವಳೂ ಇನ್ನೊಂದು ಐ-864 ಕೊಡಲೇಬೇಕು. ಇಷ್ಟು ದೊಡ್ಡ ಋಣ ಬೇಡ ಚಿಕ್ಕಪ್ಪ ಎಂದು ಅತ್ತಳು. ಟ್ಯಾಕ್ಸ್ ಕಾಗದ ಹುಡುಕುವುದರಲ್ಲಿ ನಾನು ಮುಳುಗಿದ್ದೆ, ಸಮಾಧಾನ ಮಾಡುವುದನ್ನು ಹೆಂಡತಿಗೆ ಬಿಟ್ಟೆ.

ಮದುವೆ ನಿಜವಾದದ್ದು ಎಂಬುದಕ್ಕೂ ಪುರಾವೆ ಬೇಕು. ಮಗುವಿನ ಜನನ ಪ್ರಮಾಣಪತ್ರ, ಅವಳು ಹೋಗಿಬಂದ ಬೋರ್ಡಿಂಗ್ ಪಾಸುಗಳು, ವಿಮೆಯಲ್ಲಿ ಅವನ ಹೆಸರು, ಫೋಟೋಗಳು, ಚಾಟ್‌ಗಳು. ಚಾಟ್ ವಿಷಯದಲ್ಲಿ ಒಂದು ಸಲಹೆ: ಗಂಡ ಹೆಂಡಿರ ಮಾತನ್ನು ಚಿಕ್ಕಪ್ಪ ಓದುವ ಅಗತ್ಯವಿಲ್ಲ. ತಿಂಗಳಿಗೊಂದು ಪುಟ, ತಾರೀಖು ಕಾಣುವಂತೆ, ನೀನೇ ಆರಿಸಿ ಪಿಡಿಎಫ್ ಮಾಡಿ ಕೊಡು ಎಂದೆ. ನಾನು ಫೈಲಿಗೆ ನಂಬರ್ ಹಾಕುವವನು ಮಾತ್ರ. ಆದರೂ ಒಂದು ಪುಟ ಕಣ್ಣಿಗೆ ಬಿತ್ತು. ಅದರಲ್ಲಿ ಇದ್ದದ್ದು ಇಷ್ಟೇ. ಅವಳು: ಎದ್ದಿದೀಯಾ. ಅವನು: ಹ್ಞೂಂ. ಅವಳು: ಸುಮ್ನೆ ಕೇಳ್ದೆ.

ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ, ಅದಕ್ಕೆ ಮುಂಚೆ ಅವರು ಗೊತ್ತುಮಾಡಿದ ವೈದ್ಯರಲ್ಲಿ ತಪಾಸಣೆ, ಬೆರಳಚ್ಚು. ಆ ಭಾಗ ಸರಾಗವಾಗಿ ನಡೆಯಿತು, ಹೇಳುವಂಥದ್ದೇನಿಲ್ಲ. ಮದುವೆಯಾಗಿ 2 ವರ್ಷ ದಾಟಿದ್ದರಿಂದ 2 ವರ್ಷದ ಷರತ್ತಿನ ಗ್ರೀನ್ ಕಾರ್ಡಲ್ಲ, ನೇರ 10 ವರ್ಷದ್ದೇ ಸಿಕ್ಕಿತು. ತಡವಾದದ್ದರಿಂದ ಆದ ಲಾಭ ಅದೊಂದೇ.

ಬಂದ ಮೊದಲ ವಾರ ಮಗು ಅವನನ್ನು ಫೋನಿನಲ್ಲಿ ಕಂಡರೆ ನಗುವುದು, ಎದುರಿಗೆ ಕಂಡರೆ ಅಳುವುದು. ಅವನು ಪಕ್ಕದ ಕೋಣೆಗೆ ಹೋಗಿ ವೀಡಿಯೊ ಕಾಲ್ ಮಾಡಿ, ಮಾತಾಡುತ್ತಲೇ ಬಾಗಿಲಲ್ಲಿ ಪ್ರತ್ಯಕ್ಷನಾಗುವ ಉಪಾಯ ಹೂಡಿದ. ಕೆಲಸ ಮಾಡಿತು.

ಈಗ ಹೆಂಡತಿಯ ಕಡೆಯ ಸಂಬಂಧಿಕರೊಬ್ಬರು ತಮ್ಮ ಸೊಸೆಗೂ ನಾನೇ ಸ್ಪಾನ್ಸರ್ ಆಗಬಹುದೇ ಎಂದು ಕೇಳಿದ್ದಾರೆ. ನಿಯಮದ ಪ್ರಕಾರ ಅಳಿಯ ಈಗ ಬೇರೆ ಮನೆ ಮಾಡಿದ್ದರೂ, ಹಳೇ ಐ-864 ಜಾರಿಯಲ್ಲಿರುವವರೆಗೆ ನನ್ನ ಕುಟುಂಬದ ತಲೆಯೆಣಿಕೆಯಲ್ಲಿ ಅವನೂ ಸೇರುತ್ತಾನೆ. ಸೊಸೆಯನ್ನೂ ಸೇರಿಸಿದರೆ ನನ್ನ ಆದಾಯ ಸಾಲುತ್ತದೆಯೋ ನೋಡಬೇಕು. ಮೊದಲು ಮದುಮಗನ ಹೋದ ವರ್ಷದ ಟ್ಯಾಕ್ಸ್ ರಿಟರ್ನ್ ಕಳಿಸಿ ಎಂದಿದ್ದೇನೆ. ಇನ್ನೂ ಬಂದಿಲ್ಲ.